ತಪ್ಪು ಸಿಗಲಿಲ್ಲ ಅಂದಮೇಲೂ ಕಂಟ್ರೋಲ್ ಫೇಲ್ ಆಗಿದೆ ಅನ್ನಬೇಕಾ?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಲಿಸ್ಟೆಡ್ ಕಂಪನಿಯ ಇಂಟರ್ನಲ್ ಆಡಿಟ್ ತಂಡದಲ್ಲಿದ್ದೇನೆ. ನಮ್ಮದು ಪಂಪು, ಮೋಟಾರು ತಯಾರಿಸುವ ಕಂಪನಿ. ವಹಿವಾಟು ವರ್ಷಕ್ಕೆ 900 ಕೋಟಿ, ತೆರಿಗೆಗೆ ಮುಂಚಿನ ಲಾಭ 80 ಕೋಟಿ. ಪ್ರತಿ ಕ್ವಾರ್ಟರ್ ಮುಗಿದಾಗ ಕೊನೆಯ ಏಳು ದಿನದ ಇನ್‌ವಾಯ್ಸ್‌ಗಳನ್ನು ಡೆಲಿವರಿ ದಾಖಲೆ ಜೊತೆ ತಾಳೆ ನೋಡುವ ಕಟ್-ಆಫ್ ಚೆಕ್ ಇದೆ. ಆ ಏಳು ದಿನದ ಮಾರಾಟ ಸುಮಾರು 22 ಕೋಟಿ. ಅದರಲ್ಲಿ ಗ್ರಾಹಕರ ಬಾಗಿಲಿಗೆ ಮುಟ್ಟಿಸುವ ಕರಾರಿನದು 9 ಕೋಟಿ. ಡಿಸೆಂಬರ್ ಕ್ವಾರ್ಟರ್‌ನಲ್ಲಿ ಈ ಚೆಕ್ಕನ್ನು ಯಾರೂ ಮಾಡಿಲ್ಲ. ಫಲಿತಾಂಶ ಪ್ರಕಟವಾದ ಮೇಲೆ, ಫೆಬ್ರವರಿ ಕೊನೆಯಲ್ಲಿ ನಾವೇ ಕೂತು ಮಾಡಿದೆವು. ಒಂದೂ ತಪ್ಪು ಸಿಗಲಿಲ್ಲ. ‘ತಪ್ಪೇ ಇಲ್ಲ ಅಂದಮೇಲೆ ರಿಪೋರ್ಟ್ ಮಾಡೋದೇನಿದೆ’ ಅಂತ ಫೈನಾನ್ಸ್ ಹೆಡ್ ಕೇಳುತ್ತಿದ್ದಾರೆ. ಇದು ಮೆಟೀರಿಯಲ್ ವೀಕ್‌ನೆಸ್, ಅಂದರೆ ಕಂಟ್ರೋಲ್‌ಗಳಲ್ಲಿನ ಗಂಭೀರ ಕೊರತೆ, ಆಗುತ್ತದಾ? ಇಂಥದ್ದನ್ನು ಹೇಗೆ ತೂಗಿ ನೋಡಬೇಕು?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಕಂಟ್ರೋಲ್, ಅಂದರೆ ಲೆಕ್ಕದಲ್ಲಿ ತಪ್ಪು ನುಸುಳದಂತೆ ಕಂಪನಿ ಇಟ್ಟುಕೊಂಡ ತಪಾಸಣೆ, ಫೇಲ್ ಆಗಿದೆ. ಅದನ್ನು ಬರೆದಿಡಬೇಕು, ನಿಮ್ಮ ಸ್ಟ್ಯಾಚುಟರಿ ಆಡಿಟರ್‌ಗೂ (ಕಾನೂನಿನಂತೆ ಲೆಕ್ಕ ಪರಿಶೋಧಿಸುವ ಹೊರಗಿನ ಆಡಿಟರ್) ತಿಳಿಸಬೇಕು. ಅದು ಎಷ್ಟು ದೊಡ್ಡದು ಅನ್ನುವುದು ಎರಡನೇ ಪ್ರಶ್ನೆ. ಅದಕ್ಕೆ ಸ್ವಲ್ಪ ಲೆಕ್ಕ ಹಾಕಬೇಕು, ಸ್ವಲ್ಪ ವಿಚಾರಣೆಯೂ ಮಾಡಬೇಕು.

ನಿಮ್ಮ ಫೈನಾನ್ಸ್ ಹೆಡ್ ಹೇಳಿದ ಮಾತು ಬಹಳ ಕಂಪನಿಗಳಲ್ಲಿ ಕೇಳಿಬರುತ್ತದೆ. ಅದರ ಹಿಂದೆ ಕೆಟ್ಟ ಉದ್ದೇಶ ಇರಬೇಕೆಂದೇನೂ ಇಲ್ಲ. ಆದರೆ ರಾತ್ರಿ ಅಂಗಡಿಗೆ ಬೀಗ ಹಾಕೋದು ಮರೆತುಹೋಗಿ, ಬೆಳಗ್ಗೆ ಸಾಮಾನೆಲ್ಲ ಇದ್ದಂಗೇ ಇತ್ತು ಅಂದರೆ, ‘ಬೀಗ ಹಾಕಿತ್ತು’ ಅಂತ ಬರೆಯೋಕಾಗುತ್ತಾ? ಕಂಟ್ರೋಲ್ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ‘ಏನಾಗಬಹುದಿತ್ತು’ ಅನ್ನುವುದು. ಏನಾಯಿತು ಅನ್ನುವುದು ಅದಕ್ಕೆ ಒಂದು ಸುಳಿವು ಮಾತ್ರ. ಈ ಒಂದು ವಿಷಯ ಮನಸ್ಸಿಗೆ ನಾಟಿದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಕಾನೂನು ಏನು ಕೇಳುತ್ತದೆ ಅನ್ನುವುದನ್ನು ಚುಟುಕಾಗಿ ನೋಡೋಣ. 2013ರ ಕಂಪನಿ ಕಾಯ್ದೆಯ 134(5)(ಇ) ಪ್ರಕಾರ ಲಿಸ್ಟೆಡ್ ಕಂಪನಿಯ ನಿರ್ದೇಶಕರು ‘ಇಂಟರ್ನಲ್ ಫೈನಾನ್ಷಿಯಲ್ ಕಂಟ್ರೋಲ್‌ಗಳನ್ನು ಇಟ್ಟಿದ್ದೇವೆ, ಅವು ಸಾಕಷ್ಟಿವೆ, ಸರಿಯಾಗಿ ಕೆಲಸ ಮಾಡುತ್ತಿವೆ’ ಅಂತ ಲಿಖಿತವಾಗಿ ಹೇಳಬೇಕು. 143(3)(ಐ) ಪ್ರಕಾರ ಆಡಿಟರ್ ಕೂಡ ತಮ್ಮ ಅಭಿಪ್ರಾಯ ಕೊಡಬೇಕು. ಆದರೆ ಅವರ ವ್ಯಾಪ್ತಿ ಲೆಕ್ಕಪತ್ರಕ್ಕೆ ಸಂಬಂಧಿಸಿದ ಕಂಟ್ರೋಲ್‌ಗಳಷ್ಟೇ. ನಿರ್ದೇಶಕರದು ಅದಕ್ಕಿಂತ ದೊಡ್ಡದು: ಆಸ್ತಿ ಕಾಪಾಡುವುದು, ವಂಚನೆ ತಡೆಯುವುದು, ವ್ಯವಹಾರ ಕ್ರಮಬದ್ಧವಾಗಿ ನಡೆಸುವುದು ಎಲ್ಲ ಅದರಲ್ಲಿ ಸೇರುತ್ತದೆ. ಆಡಿಟರ್‌ಗಳಿಗೆ ದಾರಿ ತೋರಿಸಲು ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆಯಾದ ಐಸಿಎಐ 2015ರಲ್ಲಿ ಒಂದು ಗೈಡೆನ್ಸ್ ನೋಟ್ ಹೊರಡಿಸಿತು. ಅದರ ಬಹುಪಾಲು ಯೋಚನೆ ಅಮೆರಿಕದ ಪದ್ಧತಿಯದೇ. ಲೆಕ್ಕಪತ್ರದ ವಂಚನೆಯಿಂದ ಎನ್ರಾನ್, ವರ್ಲ್ಡ್‌ಕಾಮ್ ಕಂಪನಿಗಳು ಕುಸಿದ ಮೇಲೆ 2002ರಲ್ಲಿ ಅಲ್ಲಿ ಬಂದ ಸಾರ್ಬೇನ್ಸ್-ಆಕ್ಸ್ಲಿ ಕಾಯ್ದೆ, ಅಂದರೆ ನಾವೆಲ್ಲ ‘ಸಾಕ್ಸ್’ ಅನ್ನುವುದು, ಅದರ 404ನೇ ಸೆಕ್ಷನ್ ಇದರ ಮೂಲ. ಇನ್ಫೋಸಿಸ್, ವಿಪ್ರೋದಂಥ ನ್ಯೂಯಾರ್ಕ್‌ನಲ್ಲೂ ಲಿಸ್ಟ್ ಆಗಿರುವ ಕಂಪನಿಗಳು ಎರಡೂ ಕಡೆಯ ಕಾನೂನಿಗೆ ಉತ್ತರ ಕೊಡಬೇಕು.

ಈಗ ನಿಮ್ಮ ವಿಷಯಕ್ಕೆ ಬರೋಣ. ಹೊಸಬರು ಸಾಮಾನ್ಯವಾಗಿ ಕಂಟ್ರೋಲ್‌ಗಳ ಪಟ್ಟಿ ಹಿಡಿದುಕೊಂಡು ಮೇಲಿಂದ ಕೆಳಗೆ ಟಿಕ್ ಹಾಕುತ್ತಾ ಹೋಗುತ್ತಾರೆ. ಅದು ತಲೆಕೆಳಗಾದ ಕ್ರಮ. ಲೆಕ್ಕಪತ್ರದ ಅಂಕಿಯಿಂದ ಶುರು ಮಾಡಿ. ಯಾವ ಅಂಕಿ ದೊಡ್ಡದು? ಅದು ಯಾವ ರೀತಿ ತಪ್ಪಾಗಬಹುದು? ಆ ತಪ್ಪನ್ನು ಯಾವ ಹಂತದಲ್ಲಿ ಯಾರು ಹಿಡಿಯುತ್ತಾರೆ? ಈ ಮೂರಕ್ಕೆ ಉತ್ತರ ಸಿಕ್ಕಿದ ಮೇಲೆಯೇ ಕಂಟ್ರೋಲ್ ಪಟ್ಟಿ ತೆಗೆಯಬೇಕು.

ನಿಮ್ಮ ಕಂಪನಿಯಲ್ಲಿ ದೊಡ್ಡ ಅಂಕಿ ಮಾರಾಟ. ಅದರಲ್ಲಿ ತಪ್ಪು ನುಸುಳುವ ದಾರಿ ಎಲ್ಲಿದೆ ಅಂತ ಹತ್ತಿರದಿಂದ ನೋಡಿ. ಸರಕು ಫ್ಯಾಕ್ಟರಿ ಗೇಟ್ ದಾಟುವಾಗ ಜಿಎಸ್‌ಟಿ ಇನ್‌ವಾಯ್ಸ್ ಆಗಲೇಬೇಕು. ಬಹಳಷ್ಟು ಇಆರ್‌ಪಿಗಳಲ್ಲಿ (ಕಂಪನಿಯ ಬಿಲ್ಲು, ದಾಸ್ತಾನು, ಲೆಕ್ಕ ಎಲ್ಲ ನಡೆಸುವ ಸಾಫ್ಟ್‌ವೇರ್) ಇನ್‌ವಾಯ್ಸ್ ಆದ ತಕ್ಷಣ ಮಾರಾಟವೂ ಪುಸ್ತಕಕ್ಕೆ ಬಿದ್ದುಬಿಡುತ್ತದೆ. ಆದರೆ ಆದಾಯವನ್ನು ಯಾವಾಗ ತೋರಿಸಬೇಕು ಅಂತ ಹೇಳುವ ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 115 ಪ್ರಕಾರ ಸರಕಿನ ಮೇಲಿನ ಹಿಡಿತ ಗ್ರಾಹಕನಿಗೆ ದಾಟಿದಾಗ ಮಾತ್ರ ಆದಾಯ. ಬಾಗಿಲಿಗೆ ಮುಟ್ಟಿಸುವ ಕರಾರಿದ್ದರೆ ಆ ಕ್ಷಣ ಬರುವುದು ಅವರ ಗೋಡೌನ್‌ನಲ್ಲಿ ಲಾರಿ ಇಳಿಸಿದಾಗ. ಡಿಸೆಂಬರ್ 30ಕ್ಕೆ ಪೀಣ್ಯದಿಂದ ಲೂಧಿಯಾನಕ್ಕೆ ಹೊರಟ ಲಾರಿ ಎರಡು ಸಾವಿರ ಕಿಲೋಮೀಟರ್‌ಗೂ ಜಾಸ್ತಿ ಓಡಬೇಕು. ಅದು 31ರ ರಾತ್ರಿಯೊಳಗೆ ಮುಟ್ಟುವ ಪ್ರಶ್ನೆಯೇ ಇಲ್ಲ. ಜಿಎಸ್‌ಟಿಗೆ ಆ ಇನ್‌ವಾಯ್ಸ್ ಡಿಸೆಂಬರ್‌ದು, ಲಾಭ-ನಷ್ಟದ ಪಟ್ಟಿಗೆ ಅದು ಜನವರಿಯದು. ಈ ಎರಡರ ನಡುವಿನ ಸಂದಿಯನ್ನು ಮುಚ್ಚುವುದಕ್ಕೇ ನಿಮ್ಮ ಕಟ್-ಆಫ್ ಚೆಕ್ ಇರುವುದು.

ಆದ್ದರಿಂದ ‘ಒಂದೂ ತಪ್ಪು ಸಿಗಲಿಲ್ಲ’ ಅಂದಾಗ ನನಗೆ ಸಮಾಧಾನಕ್ಕಿಂತ ಮೊದಲು ಒಂದು ಪ್ರಶ್ನೆ ಏಳುತ್ತದೆ. 9 ಕೋಟಿಯ ಬಾಗಿಲು-ಡೆಲಿವರಿಯಲ್ಲಿ ಒಂದೇ ಒಂದು ಲಾರಿಯೂ ಹೊಸ ವರ್ಷಕ್ಕೆ ದಾರಿಯಲ್ಲಿ ಇರಲಿಲ್ಲವೇ? ಇರಲಿಕ್ಕಿಲ್ಲ ಅನ್ನಲು ಕಾರಣಗಳಿವೆ. ಸ್ಟಾಕ್ ಎಣಿಕೆಗೆ ಅಂತ ದೂರದ ಲೋಡ್‌ಗಳನ್ನು ಮುಂಚೆಯೇ ನಿಲ್ಲಿಸಿರಬಹುದು. ಗ್ರಾಹಕರೆಲ್ಲ ಹೊಸೂರು, ಕೊಯಮತ್ತೂರಿನವರೇ ಇರಬಹುದು. ಅಥವಾ ಅಂಥ ಗ್ರಾಹಕರ ಇನ್‌ವಾಯ್ಸ್‌ಗೆ ಡೆಲಿವರಿ ದಿನಾಂಕ ತುಂಬುವ ತನಕ ಆದಾಯ ಬೀಳದಂತೆ ಇಆರ್‌ಪಿಯಲ್ಲೇ ಸೆಟಪ್ ಮಾಡಿರಬಹುದು.

ಇನ್ನೊಂದು ಸಾಧ್ಯತೆಯೂ ಇದೆ, ಅದನ್ನು ಮೊದಲು ನೋಡಿ. ನೀವು ಯಾವ ಕಾಗದದ ಜೊತೆ ತಾಳೆ ನೋಡಿದಿರಿ? ಇ-ವೇ ಬಿಲ್ಲು, ಗೇಟ್ ಪಾಸು, ಲಾರಿ ರಸೀದಿ, ಇವೆಲ್ಲ ಸರಕು ಹೊರಟಿದ್ದಕ್ಕೆ ಸಾಕ್ಷಿ. ಮುಟ್ಟಿದ್ದಕ್ಕೆ ಸಾಕ್ಷಿ ಗ್ರಾಹಕನ ಸೀಲು, ಸಹಿ, ತಾರೀಖು ಇರುವ ರಸೀದಿ ಪ್ರತಿ, ಅಂದರೆ ಪಿಒಡಿ. ಇ-ವೇ ಬಿಲ್ಲಿನ ದಿನಾಂಕ ಇನ್‌ವಾಯ್ಸ್ ದಿನಾಂಕಕ್ಕೆ ಹೆಚ್ಚುಕಮ್ಮಿ ಹೊಂದಿಯೇ ಹೊಂದುತ್ತದೆ. ಅದನ್ನೇ ನೋಡಿದ್ದರೆ ಎಷ್ಟು ಇನ್‌ವಾಯ್ಸ್ ತಿರುವಿ ಹಾಕಿದರೂ ತಪ್ಪು ಕಾಣುವುದಿಲ್ಲ. ಪಿಒಡಿಯಲ್ಲಿ ತಾರೀಖು ಇಲ್ಲದೆ ಬರೀ ಸೀಲು ಇದ್ದರೆ ಅದೂ ಸಾಲದು. ದಯವಿಟ್ಟು ಆ ಫೈಲನ್ನು ಇನ್ನೊಂದು ಸಲ ತೆಗೆದು ಇದನ್ನು ಖಚಿತ ಮಾಡಿಕೊಳ್ಳಿ.

ಇಷ್ಟು ಮಾಡಿದ ಮೇಲೂ ಒಂದು ವಿಷಯ ಸ್ಪಷ್ಟವಿರಲಿ. ಫೆಬ್ರವರಿಯಲ್ಲಿ ನೀವು ಮಾಡಿದ್ದು ಕಂಟ್ರೋಲ್ ಅಲ್ಲ. ಅದು ಅಂಕಿ ಸರಿಯಿದೆಯಾ ಅಂತ ನೋಡಿದ ಪರೀಕ್ಷೆ. ಕಂಟ್ರೋಲ್ ಅನ್ನಿಸಿಕೊಳ್ಳಬೇಕಾದರೆ ಅದು ಕಂಪನಿಯ ದಿನನಿತ್ಯದ ಕ್ರಮದಲ್ಲಿ, ಜವಾಬ್ದಾರಿ ಇರುವವರಿಂದ, ಫಲಿತಾಂಶ ಹೊರಬೀಳುವ ಮುಂಚೆ ಆಗಬೇಕು. ಸೆಬಿ ನಿಯಮದಂತೆ ಕ್ವಾರ್ಟರ್ ಫಲಿತಾಂಶಕ್ಕೆ 45 ದಿನ, ವರ್ಷದ್ದಕ್ಕೆ 60 ದಿನ. ಆ ಗಡುವು ದಾಟಿದ ಮೇಲೆ ಸಿಕ್ಕ ತಪ್ಪು ‘ಸಕಾಲಕ್ಕೆ’ ಸಿಕ್ಕಿದ್ದಲ್ಲ. ಹಾಗೆಯೇ, ಈಗ ಮಾಡಿದ ಕೆಲಸಕ್ಕೆ ಜನವರಿಯ ತಾರೀಖು ಹಾಕಿ ಫೈಲಿಗೆ ಸೇರಿಸುವ ಯೋಚನೆ ಯಾರಿಗೇ ಬಂದರೂ ಖಡಾಖಂಡಿತವಾಗಿ ಬೇಡ ಅನ್ನಿ. ಬಿಟ್ಟುಹೋದ ಚೆಕ್ ಒಂದು ಲೋಪ. ಹಿಂದಿನ ತಾರೀಖು ಹಾಕಿದ ಚೆಕ್ ಅಪ್ರಾಮಾಣಿಕತೆ.

ಈಗ ತೂಕ ಹಾಕೋಣ. ಮೆಟೀರಿಯಲ್ ವೀಕ್‌ನೆಸ್ ಅಂದರೆ, ಲೆಕ್ಕಪತ್ರದಲ್ಲಿ ದೊಡ್ಡ ತಪ್ಪೊಂದು ಸಕಾಲಕ್ಕೆ ತಡೆಯದೆ ಅಥವಾ ಸಿಗದೆ ಹೋಗುವ ಸಾಧ್ಯತೆ ತಕ್ಕಮಟ್ಟಿಗೆ ಇದೆ ಅನ್ನುವಷ್ಟು ಕೊರತೆ. ಇದರಲ್ಲಿ ಎರಡು ಭಾಗ ಇದೆ: ಸಾಧ್ಯತೆ ಮತ್ತು ಗಾತ್ರ. ವಾರ್ಷಿಕ ಲೆಕ್ಕಕ್ಕೂ ಇದು ಅನ್ವಯಿಸುತ್ತದೆ, ಮಧ್ಯಂತರ ಲೆಕ್ಕಕ್ಕೂ ಅನ್ವಯಿಸುತ್ತದೆ.

ಗಾತ್ರ ಮೊದಲು. ಲಾಭ ಮಾಡುವ ಕಂಪನಿಗೆ ತೆರಿಗೆಗೆ ಮುಂಚಿನ ಲಾಭದ 5 ಪರ್ಸೆಂಟ್ ಅನ್ನುವುದು ರೂಢಿಯಲ್ಲಿರುವ ಅಳತೆ. ನಿಮಗೆ ಅದು 4 ಕೋಟಿ. ಕಟ್-ಆಫ್ ಪೂರ್ತಿ ಕೈಕೊಟ್ಟರೆ ಮಾರಾಟ 9 ಕೋಟಿ ತನಕ ಜಾಸ್ತಿ ತೋರಿಸಿರಬಹುದು, ಗ್ರಾಹಕರಿಂದ ಬರಬೇಕಾದ ಬಾಕಿಯೂ ಅಷ್ಟೇ. ಮೋಟಾರಿನ ತಯಾರಿಕಾ ವೆಚ್ಚ ಮಾರಾಟ ಬೆಲೆಯ 70 ಪರ್ಸೆಂಟ್ ಅಂದುಕೊಂಡರೆ ದಾಸ್ತಾನು 6.3 ಕೋಟಿ ಕಮ್ಮಿ ಕಾಣುತ್ತದೆ. ಲಾಭದ ಮೇಲಿನ ಪರಿಣಾಮ 2.7 ಕೋಟಿ. ‘ಲಾಭದಲ್ಲಿ 2.7 ಕೋಟಿ ತಾನೆ, 4 ಕೋಟಿ ದಾಟಲ್ಲ’ ಅಂತ ಇಲ್ಲಿಗೇ ನಿಲ್ಲಿಸುವವರಿದ್ದಾರೆ. ಅದು ಸರಿಯಲ್ಲ. ಪುಸ್ತಕದ ಒಂದೊಂದು ಸಾಲೂ ಎಷ್ಟು ತಪ್ಪಾಗಬಹುದಿತ್ತು ಅಂತ ನೋಡಬೇಕು. ಮಾರಾಟ ಏರಿತಾ ಇಳಿಯಿತಾ ಅಂತ ಕಾದು ಕೂರುವ ಹೂಡಿಕೆದಾರನಿಗೆ ಕ್ವಾರ್ಟರ್‌ನ 9 ಕೋಟಿ ಸಣ್ಣ ಮಾತಲ್ಲ. ನಿಮ್ಮ ಕಂಪನಿಯ ಕ್ವಾರ್ಟರ್ ಲಾಭ ಸರಾಸರಿ 20 ಕೋಟಿ. ಅದರಲ್ಲಿ 2.7 ಕೋಟಿ ಹೆಚ್ಚುಕಮ್ಮಿಯಾದರೆ ‘ಲಾಭ ಹೆಚ್ಚಿದೆ’ ಅನ್ನುವ ಸುದ್ದಿ ‘ಲಾಭ ಕುಸಿದಿದೆ’ ಅಂತ ತಿರುಗಬಹುದು. ಹಿಂದಿನ ಕ್ವಾರ್ಟರ್‌ನ ಇಂಥದೇ ತಪ್ಪು ಈ ಕ್ವಾರ್ಟರ್‌ಗೆ ಬಂದು ಸ್ವಲ್ಪ ಸರಿದೂಗಿಸುತ್ತದೆ ಅನ್ನುವುದು ನಿಜ. ಆದರೆ ಅದೃಷ್ಟದಿಂದ ಸರಿಹೋಗುವುದನ್ನು ಲೆಕ್ಕಕ್ಕೆ ಹಿಡಿಯಬಾರದು.

ಹಾಗಾಗಿ ಗಾತ್ರದ ಪರೀಕ್ಷೆಯಲ್ಲಿ ನೀವು ಪಾರಾಗುವುದಿಲ್ಲ. ಉಳಿದದ್ದು ಸಾಧ್ಯತೆ. ನಿಮ್ಮ ಕೇಸಿನ ತೀರ್ಮಾನ ಆಗುವುದು ಇಲ್ಲೇ, ಅದಕ್ಕೇ ಇದನ್ನು ವಿವರವಾಗಿ ಹೇಳುತ್ತೇನೆ.

ಒಂದು ಕಂಟ್ರೋಲ್ ತಪ್ಪಿದಾಗ, ಅದೇ ತಪ್ಪನ್ನು ಹಿಡಿಯಬಲ್ಲ ಬೇರೆ ಕಂಟ್ರೋಲ್ ಇದೆಯಾ ಅಂತ ಹುಡುಕಬೇಕು. ಸರಿದೂಗಿಸುವ ಕಂಟ್ರೋಲ್ ಅನ್ನೋಣ. ಮೇಲೆ ಹೇಳಿದ ಇಆರ್‌ಪಿ ಸೆಟಪ್ ನಿಜಕ್ಕೂ ಇದ್ದರೆ ಅದು ಬಲವಾದದ್ದು. ಆದರೆ ‘ಇದೆ’ ಅಂತ ಐಟಿಯವರು ಬಾಯಲ್ಲಿ ಹೇಳಿದರೆ ಸಾಲದು. ಒಂದು ಬಾಗಿಲು-ಡೆಲಿವರಿ ಆರ್ಡರನ್ನು ಶುರುವಿನಿಂದ ಕೊನೆ ತನಕ ಹಿಂಬಾಲಿಸಿ. ಡೆಲಿವರಿ ದಿನಾಂಕ ತುಂಬುವವರು ಯಾರು, ಪಿಒಡಿ ನೋಡದೆ ತುಂಬಬಹುದಾ, ಆ ಸೆಟಪ್ಪನ್ನು ಯಾರು ಬದಲಾಯಿಸಬಹುದು, ವರ್ಷದಲ್ಲಿ ಯಾರಾದರೂ ಬದಲಾಯಿಸಿದ್ದಾರಾ, ಇದೆಲ್ಲ ಕಣ್ಣಾರೆ ನೋಡಿ. 2023ರ ಏಪ್ರಿಲ್ 1ರಿಂದ ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಯಾರೂ ಆಫ್ ಮಾಡಲಾಗದ ಎಡಿಟ್ ಲಾಗ್ ಇರಬೇಕು ಅನ್ನುವ ನಿಯಮ ಬಂದಿದೆ. ಪುಸ್ತಕಕ್ಕೆ ಬಿದ್ದ ಎಂಟ್ರಿಗಳನ್ನು ಆಮೇಲೆ ಯಾರಾದರೂ ತಿದ್ದಿದ್ದಾರಾ ಅಂತ ಅದರಲ್ಲಿ ನೋಡಬಹುದು.

ಇನ್ನೊಂದು ಸಾಮಾನ್ಯ ವಾದ: ‘ಸಿಎಫ್‌ಒ (ಹಣಕಾಸು ಮುಖ್ಯಾಧಿಕಾರಿ) ಪ್ರತಿ ಕ್ವಾರ್ಟರ್ ಮಾರಾಟ ವಿಶ್ಲೇಷಣೆ ನೋಡುತ್ತಾರೆ, ಅದರಲ್ಲಿ ಸಿಗುತ್ತಿತ್ತು.’ ಸಿಗುತ್ತಿತ್ತಾ? ಅವರು ಬಜೆಟ್‌ಗೂ ವಾಸ್ತವಕ್ಕೂ 10 ಪರ್ಸೆಂಟ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮಾತ್ರ ಪ್ರಶ್ನೆ ಕೇಳುತ್ತಾರೆ ಅಂದುಕೊಳ್ಳಿ. ನಿಮ್ಮ ಕ್ವಾರ್ಟರ್ ಮಾರಾಟ ಸುಮಾರು 225 ಕೋಟಿ, ಅದರ 10 ಪರ್ಸೆಂಟ್ ಅಂದರೆ 22.5 ಕೋಟಿ. 9 ಕೋಟಿಯ ತಪ್ಪು ಆ ಜರಡಿಯಲ್ಲಿ ಸೀದಾ ಕೆಳಗೆ ಬೀಳುತ್ತದೆ. ದೊಡ್ಡವರು ನೋಡುತ್ತಾರೆ ಅನ್ನುವುದು ಕಂಟ್ರೋಲ್ ಆಗುವುದಿಲ್ಲ. ಎಷ್ಟು ಸಣ್ಣ ತಪ್ಪು ಅವರ ಕಣ್ಣಿಗೆ ಬೀಳುತ್ತದೆ ಅನ್ನುವುದು ಮುಖ್ಯ. ಅವರು ನೋಡುವ ರಿಪೋರ್ಟ್ ಎಲ್ಲಿಂದ ಬಂತು, ಅದರಲ್ಲಿ ಎಲ್ಲ ಇನ್‌ವಾಯ್ಸ್‌ಗಳೂ ಇವೆಯಾ ಅನ್ನುವುದು ಅಷ್ಟೇ ಮುಖ್ಯ.

ಈ ಕೊನೆಯ ಮಾತನ್ನು ಸುಮ್ನೆ ಹೇಳುತ್ತಿಲ್ಲ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ನೆನಪಿಸಿಕೊಳ್ಳಿ. ಅದು ನ್ಯೂಯಾರ್ಕ್‌ನಲ್ಲೂ ಲಿಸ್ಟ್ ಆಗಿದ್ದ ಕಂಪನಿ, ಸಾಕ್ಸ್ ಅದಕ್ಕೂ ಇತ್ತು. 2009ರ ಜನವರಿ 7ರಂದು ಅಧ್ಯಕ್ಷ ರಾಮಲಿಂಗ ರಾಜು ತಾವೇ ಪತ್ರ ಬರೆದು, ಪುಸ್ತಕದಲ್ಲಿದ್ದ 5,361 ಕೋಟಿ ನಗದು-ಬ್ಯಾಂಕ್ ಮೊತ್ತದಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಅಂತ ಒಪ್ಪಿಕೊಂಡರು. ಆ ವಂಚನೆ ಹೇಗೆ ನಡೆಯಿತು ಅನ್ನುವುದನ್ನು ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ 2011ರಲ್ಲಿ ಬಿಡಿಸಿ ಹೇಳಿತು. ಇನ್‌ವಾಯ್ಸ್ ಸಿಸ್ಟಮ್‌ನಲ್ಲಿ ‘ಸೂಪರ್ ಯೂಸರ್’ ಅನ್ನುವ ಲಾಗಿನ್ ಇತ್ತು. ಅದರ ಮೂಲಕ 6,000ಕ್ಕೂ ಹೆಚ್ಚು ಸುಳ್ಳು ಇನ್‌ವಾಯ್ಸ್ ಮಾಡಿದ್ದರು. ಅವು ಲೆಕ್ಕದ ಪುಸ್ತಕಕ್ಕೆ ಬೀಳುತ್ತಿದ್ದವು, ಆದರೆ ಬಿಸಿನೆಸ್ ಯೂನಿಟ್ ಮುಖ್ಯಸ್ಥರ ಕಣ್ಣಿಗೆ ಬೀಳುತ್ತಿರಲಿಲ್ಲ. ಆ ಮುಖ್ಯಸ್ಥರು ತಮ್ಮ ಪಟ್ಟಿಯನ್ನು ಎಷ್ಟೇ ಶ್ರದ್ಧೆಯಿಂದ ನೋಡಿ ಸಹಿ ಮಾಡಿದ್ದರೂ ಏನು ಪ್ರಯೋಜನ? ಪಟ್ಟಿಯೇ ಅರ್ಧ. ಇನ್ನು ಬ್ಯಾಂಕ್ ಬ್ಯಾಲೆನ್ಸ್ ಖಚಿತಪಡಿಸಿಕೊಳ್ಳುವ ಪತ್ರಗಳು. ಅವನ್ನು ಕಳಿಸುವುದು, ತರಿಸಿಕೊಳ್ಳುವುದು ಎರಡನ್ನೂ ಆಡಿಟರ್‌ಗಳು ಕಂಪನಿಯ ಮ್ಯಾನೇಜ್‌ಮೆಂಟ್ ಕೈಗೇ ಬಿಟ್ಟಿದ್ದರು. ಕಾಗದ ಇತ್ತು, ಸೀಲು ಇತ್ತು, ಫೈಲು ಭರ್ತಿಯಾಗಿತ್ತು.

ಅದಕ್ಕೇ ಹೇಳುವುದು, ಸಹಿ ಇದೆ ಅಂದಮಾತ್ರಕ್ಕೆ ಕಂಟ್ರೋಲ್ ನಡೆದಿದೆ ಅಂತಲ್ಲ. ಜೂನ್ ಮತ್ತು ಸೆಪ್ಟೆಂಬರ್‌ನ ಕಟ್-ಆಫ್ ಫೈಲುಗಳಲ್ಲಿ ಸಹಿ ಇದೆ ತಾನೆ? ಅವನ್ನೂ ಈಗ ತೆಗೆಯಿರಿ. ಇನ್‌ವಾಯ್ಸ್ ಪಟ್ಟಿಯ ಒಟ್ಟು ಮೊತ್ತ ಲೆಡ್ಜರ್‌ಗೆ ಹೊಂದುತ್ತದಾ? ನೋಡಿದವರು ಏನನ್ನಾದರೂ ಪ್ರಶ್ನಿಸಿದ್ದಾರಾ, ಯಾವುದಾದರೂ ಇನ್‌ವಾಯ್ಸ್‌ನ ಎಂಟ್ರಿಯನ್ನು ರದ್ದು ಮಾಡಿಸಿದ್ದಾರಾ? ವರ್ಷಗಟ್ಟಲೆ ಒಂದು ಪ್ರಶ್ನೆಯೂ ಏಳದ ರಿವ್ಯೂ ಕಂಡರೆ ನಾನು ಅದನ್ನು ಕಂಟ್ರೋಲ್ ಅಂತ ಸುಲಭಕ್ಕೆ ಒಪ್ಪುವುದಿಲ್ಲ.

ಸ್ಯಾಂಪಲ್ ವಿಷಯ ಒಂದು ಮಾತು. ದಿನಕ್ಕೆ ಹಲವು ಸಲ ನಡೆಯುವ ಕಂಟ್ರೋಲ್‌ಗೆ 25 ಅಥವಾ ಜಾಸ್ತಿ ಸ್ಯಾಂಪಲ್ ತೆಗೆಯುವುದು ರೂಢಿ. ಅದರಲ್ಲಿ ಒಂದು ತಪ್ಪಿದರೆ, ಕಾರಣ ನೋಡಿ, ಸ್ಯಾಂಪಲ್ ಹೆಚ್ಚಿಸಿ, ಇದು ಬಿಡಿ ಪ್ರಕರಣವಾ ಅಂತ ತೀರ್ಮಾನಿಸಲು ಜಾಗವಿದೆ. ನಿಮ್ಮದು ವರ್ಷಕ್ಕೆ ನಾಲ್ಕೇ ಸಲ ನಡೆಯುವುದು. ನಾಲ್ಕರಲ್ಲಿ ಒಂದು ತಪ್ಪಿದರೆ ಅದನ್ನು ಬಿಡಿ ಪ್ರಕರಣ ಅಂತ ತಳ್ಳಿಹಾಕಲು ಬರುವುದಿಲ್ಲ.

ಇನ್ನು ‘ಯಾಕೆ ಮಾಡಲಿಲ್ಲ’ ಅನ್ನುವುದು. ನಿಮ್ಮ ಪತ್ರದಲ್ಲಿ ಇದು ಇಲ್ಲ, ನನಗೆ ಎಲ್ಲಕ್ಕಿಂತ ಬೇಕಾಗಿರುವುದು ಇದೇ. ಮಾಡಬೇಕಾದವರು ರಜೆಯಲ್ಲಿದ್ದರು, ಬದಲಿ ಯಾರೂ ಇರಲಿಲ್ಲ ಅಂದರೆ ಅದು ಒಂದು ರೀತಿ. ಅವರು ಕೆಲಸ ಬಿಟ್ಟು ಹೋಗಿದ್ದರು, ಜವಾಬ್ದಾರಿ ಯಾರಿಗೂ ಹಸ್ತಾಂತರವಾಗಲಿಲ್ಲ ಅಂದರೆ ಇನ್ನೊಂದು ರೀತಿ, ಆಗ ಅದೇ ವ್ಯಕ್ತಿ ಮಾಡುತ್ತಿದ್ದ ಬೇರೆ ಕಂಟ್ರೋಲ್‌ಗಳೂ ಬಿಟ್ಟುಹೋಗಿವೆಯಾ ಅಂತ ನೋಡಬೇಕು. ಕ್ವಾರ್ಟರ್ ಅಂಕಿ ಬೇಗ ಮುಗಿಸಬೇಕು, ಈ ಸಲ ಚೆಕ್ ಬೇಡ ಅಂತ ಯಾರಾದರೂ ಮೇಲಿನವರು ಹೇಳಿದ್ದರೆ ವಿಷಯ ಪೂರ್ತಿ ಬದಲಾಗುತ್ತದೆ. ಕಂಟ್ರೋಲ್‌ಗಳನ್ನು ಅಳೆಯಲು ಎಲ್ಲರೂ ಬಳಸುವ ಕೋಸೊ ಚೌಕಟ್ಟಿನಲ್ಲಿ ಐದು ಅಂಗಗಳಿವೆ. ಅದರಲ್ಲಿ ಮೊದಲನೆಯದೇ ಕಂಟ್ರೋಲ್ ಎನ್ವಿರಾನ್‌ಮೆಂಟ್, ಅಂದರೆ ಮೇಲಿನವರ ನಡವಳಿಕೆ, ಕಂಪನಿಯ ವಾತಾವರಣ. ಅಲ್ಲಿ ಬಿರುಕು ಇದ್ದರೆ ಗಾತ್ರದ ಲೆಕ್ಕವೇ ಬೇಕಿಲ್ಲ. ಹಿರಿಯ ಅಧಿಕಾರಿಗಳ ವಂಚನೆ ಎಷ್ಟೇ ಸಣ್ಣದಿರಲಿ, ಅದು ಮೆಟೀರಿಯಲ್ ವೀಕ್‌ನೆಸ್‌ನ ಲಕ್ಷಣ ಅಂತಲೇ ಆಡಿಟ್ ನಿಯಮಗಳು ಹೇಳುತ್ತವೆ.

ನನ್ನ ತೀರ್ಮಾನ ಕೇಳಿದರೆ ಹೀಗೆ. ಇಆರ್‌ಪಿ ಸೆಟಪ್ ಇದ್ದು, ಅದು ಪರೀಕ್ಷೆಯಲ್ಲಿ ನಿಂತು, ಚೆಕ್ ಬಿಟ್ಟುಹೋದ ಕಾರಣ ಬರೀ ರಜೆಯಾಗಿದ್ದರೆ, ಇದು ಸಾಮಾನ್ಯ ಡಿಫಿಷಿಯೆನ್ಸಿ, ಅಂದರೆ ಸಣ್ಣ ಕೊರತೆ. ಸೆಟಪ್ ಇಲ್ಲ, ಆದರೆ ಬಾಕಿ ಉಳಿದ ಪಿಒಡಿಗಳನ್ನು ಫಲಿತಾಂಶಕ್ಕೆ ಮುಂಚೆ ಡಿಸ್ಪ್ಯಾಚ್ ವಿಭಾಗ ಬೆನ್ನುಹತ್ತಿ ತರಿಸಿ ಅಕೌಂಟ್ಸ್‌ಗೆ ಕೊಡುತ್ತದೆ, ಅದಕ್ಕೆ ದಾಖಲೆಯೂ ಇದೆ ಅಂದರೆ, ನಿರ್ದೇಶಕ ಮಂಡಳಿಯ ಆಡಿಟ್ ಕಮಿಟಿಯ ಗಮನಕ್ಕೆ ತರಬೇಕಾದ ಸಿಗ್ನಿಫಿಕೆಂಟ್ ಡಿಫಿಷಿಯೆನ್ಸಿ, ಅಂದರೆ ಗಮನಾರ್ಹ ಕೊರತೆ. ಎರಡೂ ಇಲ್ಲದಿದ್ದರೆ, ಡಿಸೆಂಬರ್ ಮಟ್ಟಿಗೆ ಅದನ್ನು ಮೆಟೀರಿಯಲ್ ವೀಕ್‌ನೆಸ್ ಅಂತಲೇ ಕರೆಯಬೇಕಾಗುತ್ತದೆ, ಒಂದು ರೂಪಾಯಿಯ ತಪ್ಪು ಸಿಗದಿದ್ದರೂ ಸಹ.

ಹೆದರಬೇಕಿಲ್ಲ, ಸಮಯ ಇದೆ. ಆಡಿಟರ್ ಅಭಿಪ್ರಾಯ ಕೊಡುವುದು ಮಾರ್ಚ್ 31ಕ್ಕೆ ಕಂಟ್ರೋಲ್ ಹೇಗಿತ್ತು ಅನ್ನುವುದರ ಮೇಲೆ. ಮಾರ್ಚ್ ಕಟ್-ಆಫ್ ಚೆಕ್ಕನ್ನು ಏಪ್ರಿಲ್ ಮೊದಲ ವಾರಗಳಲ್ಲಿ ಸರಿಯಾಗಿ ಮಾಡಿದರೆ, ಜೂನ್, ಸೆಪ್ಟೆಂಬರ್‌ನವು ಗಟ್ಟಿಯಾಗಿದ್ದರೆ, ವರ್ಷಾಂತ್ಯಕ್ಕೆ ಕೊರತೆ ಸರಿಹೋಗಿದೆ ಅಂತ ಹೇಳಲು ಆಧಾರ ಸಿಗುತ್ತದೆ. ಹಾಗಂತ ಡಿಸೆಂಬರ್‌ದನ್ನು ಮುಚ್ಚಿಡುವಂತಿಲ್ಲ. ಗೊತ್ತಿರುವ ಎಲ್ಲ ಕೊರತೆಗಳನ್ನೂ ತಿಳಿಸಿದ್ದೇವೆ ಅಂತ ಮ್ಯಾನೇಜ್‌ಮೆಂಟ್ ಆಡಿಟರ್‌ಗೆ ಲಿಖಿತವಾಗಿ ಕೊಡಬೇಕು. ನಿಮ್ಮ ಫೈನಾನ್ಸ್ ಹೆಡ್‌ಗೆ ಇದನ್ನು ನೆನಪಿಸಿ. ಇದನ್ನು ಬಿಟ್ಟು ಆ ಪತ್ರಕ್ಕೆ ಸಹಿ ಹಾಕಿದರೆ ತೊಂದರೆ ಅವರಿಗೇ.

ಈ ವಾರವೇ ಒಂದು ಪುಟದ ಟಿಪ್ಪಣಿ ಬರೆಯಿರಿ. ಏನು ಬಿಟ್ಟುಹೋಯಿತು, ಯಾಕೆ, ಯಾವ ಸಾಲು ಎಷ್ಟು ತಪ್ಪಾಗಬಹುದಿತ್ತು, ಬೇರೆ ಯಾವ ಕಂಟ್ರೋಲ್ ಅದನ್ನು ಹಿಡಿಯುತ್ತಿತ್ತು, ಅದನ್ನು ಹೇಗೆ ಪರೀಕ್ಷಿಸಿದಿರಿ, ಫೆಬ್ರವರಿಯ ಪರೀಕ್ಷೆಯಲ್ಲಿ ಯಾವ ದಾಖಲೆ ನೋಡಿದಿರಿ, ಇಷ್ಟಿದ್ದರೆ ಸಾಕು. ಇವತ್ತಿನ ತಾರೀಖು ಹಾಕಿ. ಮಾರ್ಚ್ ಕೊನೆಯ ವಾರಕ್ಕೆ ಚೆಕ್ ಮಾಡುವವರ ಹೆಸರು, ಅವರಿಲ್ಲದಿದ್ದರೆ ಮಾಡುವ ಇನ್ನೊಬ್ಬರ ಹೆಸರು ಎರಡನ್ನೂ ಅದರಲ್ಲೇ ಬರೆದು, ಪಿಒಡಿಯಲ್ಲಿ ತಾರೀಖು ಬರೆಸಿಕೊಂಡೇ ಬರಬೇಕು ಅಂತ ಲಾರಿ ಸಾಗಣೆಯವರಿಗೆ ಈಗಲೇ ಹೇಳಿಸಿ.